ಅಜ್ಜಾರ ಕಾಲಿನ ಅಳತೆ

ಹೊಳೆಯ ದಂಡೆಯ ಮೇಲೆ ಒಂದು ಪುಟ್ಟ ಮಠ. ಅಲ್ಲಿ ಗುರುಗಳು ಒಬ್ಬರು, ಶಿಷ್ಯ ಒಬ್ಬ. ಗುರುಗಳನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಶಿಷ್ಯನ ಹೆಸರು ಶಂಭುಲಿಂಗ. ಗುರುಭಕ್ತಿಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಹಾಗಂತ ಅವನೇ ಆಗಾಗ ಹೇಳುತ್ತಿದ್ದ.

ಒಂದು ದಿನ ಸುದ್ದಿ ಬಂತು. ಅಜ್ಜಾರ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ಇನ್ನು ಹೆಚ್ಚು ದಿನ ಇರುವವಳಲ್ಲ, ತಮ್ಮನನ್ನು ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ತಾಯಿಯಿಲ್ಲದ ಅಜ್ಜಾರನ್ನು ಎತ್ತಿ ಆಡಿಸಿದವಳು ಅವಳೇ. ಅವಳ ಊರಿಗೆ ಮೂರು ದಿನದ ಕಾಲುದಾರಿ, ಉದ್ದಕ್ಕೂ ಕಲ್ಲುಮುಳ್ಳು.

ಬರಿಗಾಲಲ್ಲೇ ಹೊರಟು ನಿಂತ ಗುರುಗಳನ್ನು ಶಂಭುಲಿಂಗ ತಡೆದ.

“ಎರಡು ದಿನ ತಡೀರಿ ಅಜ್ಜಾರ. ಚಪ್ಪಲಿ ಹೊಲಿಸ್ಕೊಂಡು ಬರ್ತೇನಿ.”

ಹೊಳೆಯಾಚೆ ದುರಗವ್ವ ಚಪ್ಪಲಿ ಹೊಲಿಯುತ್ತಿದ್ದಳು. ಹಾಳೆಯ ಮೇಲೆ ಕಾಲಿರಿಸಿ, ಸುತ್ತ ಗೆರೆ ಎಳೆದು ಅಳತೆ ತಂದುಕೊಡು ಅಂದಳು. ಶಂಭುಲಿಂಗ ತಂದುಕೊಟ್ಟ.

ಚಪ್ಪಲಿ ಬಂದವು. ಅಜ್ಜಾರು ಮೆಟ್ಟಿಕೊಂಡು ಹೊಳೆಯವರೆಗೆ ಹೋಗಿ ಬಂದರು. ಅಷ್ಟರಲ್ಲೇ ಹಿಮ್ಮಡಿ ಸುಲಿದು ರಕ್ತ ಬಂದಿತ್ತು.

ಶಂಭುಲಿಂಗನಿಗೆ ಸಿಟ್ಟು ನೆತ್ತಿಗೇರಿತು.

“ಆ ದುರಗವ್ವಗ ಕಣ್ಣ ಕಾಣಂಗಿಲ್ಲೇನ್ರಿ? ಈಗ ಹೋಗಿ ಕೇಳ್ತೇನಿ!”

“ಕೇಳುವಿಯಂತ. ನೀ ಅಳತಿ ಯಾವುದು ಕೊಟ್ಟಿದ್ದಿ?”

“ಪೂಜಾ ಮಾಡೋ ನಿಮ್ಮ ಪಾದುಕಿದು, ಅಜ್ಜಾರ. ಹಾಳಿ ಮ್ಯಾಲ ಕಾಲಿಡ್ರಿ ಅಂತ ನಿಮಗ ಹೆಂಗ ಅನ್ಲಿ? ಪಾಪ ಬರ್ತೈತಿ.”

ಅಜ್ಜಾರು ನಕ್ಕರು.

“ಆ ಪಾದುಕಿ ಮಾಡಿಸಿದಾಗ ನನಗ ಇಪ್ಪತ್ತು ವರ್ಷ. ಆಮ್ಯಾಲ ನಾ ಎಷ್ಟು ಅಡ್ಡಾಡೇನಿ, ಅವಕ್ಕೇನು ಗೊತ್ತು?”

ಅಜ್ಜಾರು ಚಪ್ಪಲಿ ಕಳಚಿ ಪಕ್ಕಕ್ಕಿಟ್ಟರು.

“ದಿನಾ ಎರಡು ಸಲ ಈ ಕಾಲಿಗೆ ಹಣಿ ಹಚ್ತಿ. ಯಾವ ಕಾಲು ದೊಡ್ಡದೈತಿ, ಹೇಳು ನೋಡೋಣು.”

“ನನಗ ಎರಡೂ ಒಂದ ರೀ, ಅಜ್ಜಾರ.”

“ಭಾಳ ಚಂದ. ಇದನ್ನ ಹೋಗಿ ದುರಗವ್ವಗ ಹೇಳು.”

ಶಂಭುಲಿಂಗ ತಲೆ ತಗ್ಗಿಸಿದ. ಒಂಬತ್ತು ವರ್ಷ ನಮಸ್ಕಾರ ಮಾಡಿದ್ದ, ಅಷ್ಟೂ ಸಲ ಕಣ್ಣು ಮುಚ್ಚಿ. ಅಲ್ಲಿ ಅಜ್ಜಾರ ಅಕ್ಕ ಜೀವ ಹಿಡಿದುಕೊಂಡಿದ್ದಾಳೆ, ಇಲ್ಲಿ ತನ್ನ ಭಕ್ತಿಯಿಂದಾಗಿ ಎರಡು ದಿನ ಹಾಳಾಗಿ ಹೋದವು. ಅವನಿಗೆ ನಾಚಿಕೆಯಾಯಿತು.

“ಈಗ ತಗೋತೇನ್ರಿ ಅಳತಿ. ಕೂಡ್ರಿ.”

“ಕುಂತ್ರ ಆಗಂಗಿಲ್ಲ, ಈಗೂ ಆಗಂಗಿಲ್ಲ. ಸಂಜಿ ಆಗ್ಲಿ. ದಿನಪೂರ್ತಿ ಅಡ್ಡಾಡಿದ ಕಾಲು ಉಬ್ಬಿರ್ತಾವ. ಆಗ ನಿಂತು ಕೊಡ್ತೇನಿ.”

ಸಂಜೆಯಾಯಿತು. ಅಂಗಳದಲ್ಲಿ ಹಾಳೆ ಹಾಸಿದ. ಅಜ್ಜಾರು ಅವನ ಹೆಗಲ ಮೇಲೆ ಕೈಯಿಟ್ಟು, ಮೈಭಾರವನ್ನೆಲ್ಲ ಬಿಟ್ಟು ನಿಂತರು. ಶಂಭುಲಿಂಗ ನೆಲಕ್ಕೆ ಬಾಗಿ ಇದ್ದಿಲ ಚೂರಿನಿಂದ ಗೆರೆ ಎಳೆಯತೊಡಗಿದ. ಈ ಸಲ ಕಣ್ಣು ಮುಚ್ಚುವಂತಿರಲಿಲ್ಲ.

ಹಿಮ್ಮಡಿಯ ತುಂಬ ಬಿರುಕು. ಹೆಬ್ಬೆರಳ ಬುಡದಲ್ಲಿ ಗಂಟು. ಎಡಗಾಲು ಬಲಗಾಲಿಗಿಂತ ಅರ್ಧ ಬೆರಳು ಉದ್ದ. ಅದರ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಇದ್ದಿಲು ಅಲ್ಲಿ ತಾಗಿದಾಗ ಅಜ್ಜಾರ ಕೈ ಹೆಗಲನ್ನು ತುಸು ಬಿಗಿಯಾಗಿ ಹಿಡಿಯಿತು.

“ನೋಯ್ತೈತೇನ್ರಿ ಅಜ್ಜಾರ?”

“ಹೂಂ.”

“ಯಾವಾಗಿಂದ್ರಿ?”

“ನೀ ಮಠಕ್ಕ ಬರೋಕಿಂತ ಮೊದಲಿಂದ.”

ಶಂಭುಲಿಂಗನಿಗೆ ದುಃಖ ಉಕ್ಕಿ ಬಂತು. ಗೆರೆ ಒದ್ದೆಯಾದೀತೆಂದು ತೋಳಿನಿಂದ ಕಣ್ಣೊರೆಸಿಕೊಂಡ. ಕಿರುಬೆರಳಿನ ಸುತ್ತ ಸ್ವಲ್ಪ ಹೆಚ್ಚು ಜಾಗ ಬಿಟ್ಟ.

“ಇಲ್ಲಿ ಮೆತ್ತನ್ನ ಚರ್ಮ ಹಾಕು ಅಂತ ಹೇಳ್ತೇನ್ರಿ.”

ಅಳತೆ ಮುಗಿಯಿತು. ಹಾಳೆ ಮಡಿಚಿದ ಮೇಲೆ ಅವನಿಗೆ ಸಂಜೆಯ ನಮಸ್ಕಾರ ಇನ್ನೂ ಉಳಿದಿದೆಯೆಂದು ನೆನಪಾಯಿತು. ರೂಢಿಯಂತೆ ಕಣ್ಣು ಮುಚ್ಚಿ, ಕೈಮುಗಿದು ಬಾಗಿದ.

ಅಜ್ಜಾರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ನಮಸ್ಕಾರ ಆಗೇತಿ, ಏಳು. ಲಗೂನ ಹೊಳಿ ದಾಟು, ಅಕ್ಕ ದಾರಿ ನೋಡಾಕತ್ತಾಳ.”