ಗಾಳದ ಕೋಲಿನ ಸಂದು

ಕಾವೇರಿಯ ದಡದಲ್ಲಿ ಗಾಳ ಹಾಕುತ್ತಲೇ ತಲೆ ನರೆತ ಜವರಯ್ಯನವರು ಮೊದಲು ಹೇಳಿದ ಕಥೆ ಇದು.

ಹಳೆ ಸಾಮಾನಿನ ಅಂಗಡಿಯೊಂದಕ್ಕೆ ಇಂಗ್ಲೆಂಡಿನಲ್ಲಿ ತಯಾರಾದ ಫೈಬರ್ ಗ್ಲಾಸಿನ ಗಾಳದ ಕೋಲೊಂದು ಬಂದಿತ್ತು. ಎರಡು ತುಂಡಿನ ಕೋಲು. ಕೆಳತುಂಡಿನ ತುದಿಯಲ್ಲಿ ಚಾಚಿಕೊಂಡ ಗೂಟಕ್ಕೆ ಟೊಳ್ಳಾದ ಮೇಲ್ತುಂಡನ್ನು ಸಿಕ್ಕಿಸಿದರೆ ನಡುವೆ ಅರ್ಧ ಬೆರಳಿನಷ್ಟು ಸಂದು ಉಳಿಯುತ್ತಿತ್ತು. ಇನ್ನೊಮ್ಮೆ ಹೊಳೆ ನೋಡಬೇಕೆಂಬುದೊಂದೇ ಕೋಲಿನ ಆಸೆ. ಆ ಅಂಗಡಿಯಲ್ಲಿ ಸಾಮಾನುಗಳ ಯೋಗ್ಯತೆ ತೀರ್ಮಾನಿಸುತ್ತಿದ್ದುದು ಕಬ್ಬಿಣ ಉಜ್ಜುವ ಅರ.

“ಏನಜ್ಜಾ, ನಿನ್ನ ಕೀಲೇ ಕೂತಿಲ್ಲವಲ್ಲ! ತಾಳು, ಗೂಟ ಉಜ್ಜಿ ಸರಿಮಾಡುತ್ತೇನೆ” ಎಂದಿತು ಅರ.

ಕೋಲಿಗೆ ಮೈಯೆಲ್ಲ ಉರಿಯಿತು. “ಮುಟ್ಟಬೇಡ! ಅದು ನನ್ನನ್ನು ಮಾಡಿದವನು ಬೇಕೆಂದೇ ಬಿಟ್ಟ ಸಂದು. ಗೂಟ ಸವೆದಂತೆಲ್ಲ ಮೇಲ್ತುಂಡು ಕೆಳಗಿಳಿದು ಬಿಗಿಯಾಗಬೇಕಲ್ಲ, ಅದಕ್ಕೆ ಜಾಗ. ಅದು ಮುಗಿದ ದಿನ ನನ್ನ ಆಯುಷ್ಯವೂ ಮುಗಿಯಿತು.”

“ಸಾವಿರ ಸಾಮಾನು ನೋಡಿದವನು ನಾನು. ನನಗೇ ಪಾಠವೇ?”

“ಆ ಸಾವಿರದಲ್ಲಿ ಗಾಳದ ಕೋಲು ಎಷ್ಟಿದ್ದವು ಸ್ವಾಮೀ?”

ಅರ ಗೂಟವನ್ನು ಉಜ್ಜಿಯೇ ಬಿಟ್ಟಿತು. ಸಂದು ಕಾಣದಂತೆ ಮುಚ್ಚಿಕೊಂಡಿತು. ಮರುದಿನ ಗಿರಾಕಿ ಬಂದು, ಕೋಲು ಜೋಡಿಸಿ, ಒಮ್ಮೆ ಬೀಸಿ ನೋಡಿದ. ತೆಳುವಾದ ಗೂಟದ ಮೇಲೆ ಸಡಿಲವಾಗಿ ಕೂತಿದ್ದ ಮೇಲ್ತುಂಡು ಕಳಚಿ ಗೋಡೆಗೆ ಬಡಿಯಿತು. ಆತ ಕೋಲನ್ನು ಕೆಳಗಿಟ್ಟು ಹೊರಟುಹೋದ.

“ನಾನು ಆಗಲೇ ಹೇಳಲಿಲ್ಲವೇ, ಇದರ ಕೀಲು ಸರಿಯಿಲ್ಲವೆಂದು?” ಎನ್ನುತ್ತ ಅರ ಮೂಲೆಯಲ್ಲಿದ್ದ ಇನ್ನೊಂದು ಹಳೆ ಕೋಲಿನತ್ತ ತಿರುಗಿತು.

“ಅಯ್ಯೋ ಪಾಪಿ, ಅದನ್ನಾದರೂ ಕೇಳಿ ಮುಟ್ಟೋ!” ಎಂದು ಕೋಲು ಕೂಗಿತು. ಅರ ಕಿವಿಗೊಡಲಿಲ್ಲ.

ಪರರ ಯೋಗ್ಯತೆ ಅಳೆಯುವ ಜಾಗದಲ್ಲಿ ಕೂತವರು ನಿಮ್ಮ ಊರಿನಲ್ಲೂ ಇದ್ದಾರು. ದೇವರ ಮೇಲೆ ಭಾರ ಹಾಕಿ, ಅವರ ಕಿವಿಗೆ ಈ ಕಥೆಯನ್ನು ಮುಟ್ಟಿಸಿ.