ದಂಡೆಯ ಮೇಲೆ ಕೂಗುವವರು

ಕುರುಚಲು ಕಾಡೊಂದರ ನಡುವೆ ಕರಿನೀರು ಕೆರೆ ಅಂತ ಒಂದು ಕೆರೆ ಇತ್ತು. ಆ ನೀರು ಹುಟ್ಟಿನಿಂದಲೇ ಕಪ್ಪಲ್ಲ, ಮಕ್ಕಳೇ. ಬೇಸಿಗೆ ಬಂತೆಂದರೆ ಕಾಡಿಗೆ ಬೆಂಕಿ ಬೀಳುತ್ತಿತ್ತು, ಬೂದಿಯೆಲ್ಲ ಹಾರಿ ಬಂದು ಕೆರೆಯಲ್ಲಿ ಕೂರುತ್ತಿತ್ತು. ಅಲ್ಲಿ ನೀರು ಕುಡಿದ ಜಿಂಕೆಗಳಿಗೆಲ್ಲ ಮೀಸೆ ಮೂಡುತ್ತಿತ್ತು. ಒರೆಸಿಕೊಂಡರೆ ಹೋಗುತ್ತಿತ್ತು. ಗಂಡು ಜಿಂಕೆಗಳು ಒರೆಸಿಕೊಳ್ಳುತ್ತಿರಲಿಲ್ಲ, ಅಷ್ಟೇ.

ಬೆಂಕಿ ಆರಿಸಲು ಅಲ್ಲೊಂದು ಪಡೆ ಇತ್ತು. ಕಾಡುಹಂದಿಗಳು ಮೂತಿಯಿಂದ ತರಗೆಲೆ ಗುಡಿಸಿ ಬೆಂಕಿಯ ದಾರಿ ಕಡಿಯುತ್ತಿದ್ದವು. ಆನೆಗಳು ಹಸಿ ಕೊಂಬೆ ಹಿಡಿದು ಉರಿಯನ್ನು ಬಡಿಯುತ್ತಿದ್ದವು. ಮುಸುವಗಳು ಮರದ ತುದಿಯಲ್ಲಿ ಕೂತು ಹೊಗೆ ಎಲ್ಲೆದ್ದಿದೆ ಅಂತ ನೋಡುತ್ತಿದ್ದವು. ಇವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ಗುದ್ದವ್ವ ಎಂಬ ಹಂದಿ ಅದರ ಮುಖ್ಯಸ್ಥೆ.

ಪಡೆಯಲ್ಲಿ ದುಡಿದು ಮುದಿಯಾದವರಿಗೆ ಕೆರೆಯ ತಂಪು ದಂಡೆ ಮೀಸಲು. ಕಾಡಿನ ಪ್ರತಿಯೊಬ್ಬರೂ ದಿನಾ ತಮ್ಮ ಊಟದಲ್ಲಿ ಒಂದು ತುತ್ತು ತಂದು ಅಲ್ಲಿಡಬೇಕು. ಅದೇ ಅವರ ಪಿಂಚಣಿ.

ಹಾಗಂತ ಮುದುಕರು ಸುಮ್ಮನೆ ಕೂತು ತಿನ್ನುತ್ತಿರಲಿಲ್ಲ. ಹೊಗೆಯೊಳಗೆ ಹೊಕ್ಕ ಮೇಲೆ ಕಣ್ಣು ಕೆಲಸಕ್ಕೆ ಬಾರದು, ಮೂಗು ಅದಕ್ಕಿಂತ ದಂಡ. ಉಳಿಯೋದು ಕಿವಿ ಒಂದೇ. ಅದಕ್ಕೇ ಮುದುಕರು ದಂಡೆಯ ಮೇಲಿಂದ ಒಳಗೆ ಹೋದವರ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಹೆಸರು ಕೇಳಿದವರು 'ಓ' ಅಂದು ಆ ದನಿ ಬಂದ ಕಡೆ ನಡೆದು ಹೊರಬರುತ್ತಿದ್ದರು.

ಆದರೆ ಕೂಗು ಶುರುವಾಗುತ್ತಿದ್ದದ್ದು ಬೇರೆಯವರ ಹೆಸರಿನಿಂದ. ಹಿಂದೆ ಯಾವಾಗಲೋ ಹೊಗೆಯೊಳಗೆ ಹೋಗಿ ವಾಪಸು ಬಾರದೇ ಉಳಿದವರ ಹೆಸರಿನಿಂದ. ಒಂದು ಹೆಸರು, ಆಮೇಲೆ ಒಂದು ಗಳಿಗೆ ಮೌನ. ಆ ಮೌನದಲ್ಲಿ ಆಗೊಮ್ಮೆ ಈಗೊಮ್ಮೆ ಸುಟ್ಟ ಗುಡ್ಡದ ಕಡೆಯಿಂದ ಸಣ್ಣಗೆ 'ಓ' ಅಂತ ಕೇಳುತ್ತಿತ್ತು. ಅದು ಬರೀ ಮಾರ್ದನಿ ಅಂತ ಕಾಡಿನ ಕರಡಿಯೊಂದು ಎಲ್ಲರಿಗೂ ತಿಳಿಸಿ ಹೇಳುತ್ತಿತ್ತು. ಕೂಗುವ ಹೊತ್ತಿಗೆ ಮಾತ್ರ ಕರಡಿ ಎಲ್ಲೋ ಜೇನು ಹುಡುಕಲು ಹೋಗಿರುತ್ತಿತ್ತು.

ದಂಡೆಯಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲು ಭರಮಣ್ಣ ಎಂಬ ಮುದಿ ಆನೆಯದು. ಗುದ್ದವ್ವ ಇನ್ನೂ ಮೈಮೇಲೆ ಪಟ್ಟೆ ಇದ್ದ ಮರಿಯಾಗಿದ್ದಾಗ ಕೆಂಡದ ನಡುವೆ ಸಿಕ್ಕಿಕೊಂಡಿದ್ದಳು. ಅವಳನ್ನು ಸೊಂಡಿಲಲ್ಲಿ ಎತ್ತಿಕೊಂಡು ಹೊರಬಂದವನು ಇವನೇ. ಅವತ್ತು ಬೆಂದ ಪಾದಗಳು ಆಮೇಲೆ ಸರಿಹೋಗಲೇ ಇಲ್ಲ. ತಂಪು ಕೆಸರಲ್ಲಿ ನಿಂತರೆ ಸುಖ, ಬಿಸಿಲ ನೆಲದಲ್ಲಿ ನಿಂತರೆ ಕಣ್ಣಲ್ಲಿ ನೀರು. ಗುದ್ದವ್ವ ದಿನಾ ಅವನ ಕಾಲ ಸುತ್ತ ಕೆಸರು ಕೆದರಿ ಹೊಸದು ಮಾಡಿ ಹೋಗುತ್ತಿದ್ದಳು.

ಪಡೆಯ ಕೆಲಸ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ಕೆಲವು ಬೇಸಿಗೆ ಬೆಂಕಿ ಏಳುವಷ್ಟರಲ್ಲೇ ಆರಿಹೋಯಿತು. ಎಡವಟ್ಟಾದದ್ದು ಅಲ್ಲೇ. ಕಾಡಿಗೆ ಬೆಂಕಿಯ ಭಯವೇ ಮರೆತುಹೋಯಿತು.

ಹುಲಿದೊರೆಗೆ ಸುಗಂಧಯ್ಯ ಎಂಬ ಪುನುಗು ಬೆಕ್ಕು ಮಂತ್ರಿ. ಅವನು ಬರುವ ಮೊದಲೇ ಅವನ ವಾಸನೆ ಬಂದು ಕೂತಿರುತ್ತಿತ್ತು. ಒಂದು ದಿನ ಅವನು ಕೆರೆ ಕಡೆ ಬಂದು, ಕೂತ ಮುದುಕರನ್ನೂ ಅವರ ಮುಂದಿನ ತುತ್ತುಗಳನ್ನೂ ನೋಡಿ, ಮೂಗು ಮುರಿದು ಹೋದ. ಸಂಜೆಯೊಳಗೆ ಡಂಗುರ ಹೊಡೆದಾಯಿತು. ಇನ್ನು ಮೇಲೆ ತುತ್ತು ಇಡುವ ಪದ್ಧತಿ ಇಲ್ಲ. ದುಡಿಯುವ ಪ್ರತಿಯೊಬ್ಬರೂ ಈಗಿನಿಂದಲೇ ತಮ್ಮ ಊಟದ ಒಂದು ಪಾಲನ್ನು ಬೂರುಗದ ಮರದ ಪೊಟರೆಗೆ ಹಾಕುತ್ತ ಬರಬೇಕು. ಮುದಿಯಾದಾಗ ಕೈ ಹಾಕಿ, ಸಿಕ್ಕಿದ್ದನ್ನು ತಿನ್ನಬೇಕು. ದಂಡೆಯನ್ನು ನಾಳೆಯೇ ಖಾಲಿ ಮಾಡಬೇಕು, ಅಲ್ಲಿ ದೊರೆಯ ಸ್ನಾನಕ್ಕೆ ಜಾಗ ಬೇಕು.

"ಪೊಟರೆಯಲ್ಲಿ ಏನೂ ಸಿಗದಿದ್ದರೆ?" ಎಂದು ಗುದ್ದವ್ವ ಕೇಳಿದಳು.

"ಅದು ಪೊಟರೆಯ ಇಷ್ಟ" ಎಂದ ಸುಗಂಧಯ್ಯ.

ಸಂಘದ ಸಭೆ ಸುಟ್ಟ ಹುಣಸೆಮರದ ಕೆಳಗೆ ಸೇರಿತು. ಎಲ್ಲರೂ ಒಟ್ಟಿಗೇ ಮಾತಾಡಿದ್ದರಿಂದ ಮೊದಲಿಗೆ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಚೆಲುವಯ್ಯ ಎಂಬ ಮುಸುವ, ಮುಖ ಮಸಿಯಂತಿದ್ದರೂ ಹೆಸರಿಗೆ ಚೆಲುವ, ಮುಷ್ಕರ ಹೂಡಿಯೇ ಬಿಡೋಣ, ಕಾಡು ಉರಿಯಲಿ, ಆಗ ಮಂತ್ರಿಯ ಪರಿಮಳ ಎಲ್ಲಿ ಹೋಗುತ್ತೋ ನೋಡೋಣ ಎಂದ. ಜವರಿ ಎಂಬ ಎಳೆ ಆನೆ, ಬಿದಿರು ಮೆಳೆಯಲ್ಲಿ ಜಿಂಕೆ ಮರಿಗಳಿವೆ, ಅವೇನು ಪೊಟರೆ ಕೊರೆದವೇ ಎಂದಳು. ನೀನು ಜಿಂಕೆಗೆ ಅತ್ತೆಯೋ ನಮಗೆ ಸಂಗಾತಿಯೋ ಅಂತ ಚೆಲುವಯ್ಯ ಕೆಣಕಿದ. ಜವರಿ ಸೊಂಡಿಲಿಂದ ಅವನ ಕೊಂಬೆ ಅಲ್ಲಾಡಿಸಿದಳು. ಮಾತು ಅಲ್ಲಿಗೆ ನಿಂತಿತು.

ಗುದ್ದವ್ವ ಎದ್ದು ಭರಮಣ್ಣನ ಹತ್ತಿರ ಹೋದಳು. ಏನು ಮಾಡಲಿ ಹೇಳು ಅಂತ ಕೇಳಿದಳು.

"ನನ್ನ ಹೆಸರು ಹೇಳಿ ಕಾಡು ಸುಡಬೇಡಿ ಮಗಳೇ" ಎಂದ ಅವನು. "ಆದರೆ ಒಂದು ನೆನಪಿಟ್ಟುಕೋ. ಕೂಗುವವರಿಲ್ಲದ ಹೊಗೆಗೆ ಯಾರನ್ನೂ ಕಳಿಸಬೇಡ. ಅಲ್ಲಿ ಬೇರೆಯವರು ಕೂಗುತ್ತಾರೆ."

ಬೇರೆಯವರು ಅಂದದ್ದೇ ಗುದ್ದವ್ವ ಸುಟ್ಟ ಗುಡ್ಡದ ಕಡೆ ತಿರುಗಿ ನೋಡಿದಳು.

ಅವಳು ವಾಪಸು ಬಂದು ಸಂಘಕ್ಕೆ ಒಂದೇ ಮಾತು ಹೇಳಿದಳು. ಮುದುಕರು ದಂಡೆಯ ಮೇಲಿಲ್ಲದಿದ್ದರೆ ನಾವು ಹೊಗೆಯೊಳಗಿಲ್ಲ. ಅವರು ಬಂದ ಗಳಿಗೆಯಲ್ಲೇ ನಾವೂ ಎದ್ದೇವು. ಎಲ್ಲರೂ ಒಪ್ಪಿದರು. ಆ ಮಾತನ್ನೇ ಹೋಗಿ ದೊರೆಗೆ ತಿಳಿಸಿದರು. ದೊರೆ ಮಂತ್ರಿಯ ಮುಖ ನೋಡಿದ. ಮಂತ್ರಿ ನಕ್ಕ.

"ಕೂಗೋದೂ ಒಂದು ಕೆಲಸವೇನಮ್ಮ? ಕಾಗೆಗಳಿವೆ, ಬಿಟ್ಟಿ ಕೂಗುತ್ತವೆ."

ಮರುದಿನ ಮುದುಕರನ್ನು ದಂಡೆಯಿಂದ ಎಬ್ಬಿಸಿ ಮುಳ್ಳುದಿಣ್ಣೆಗೆ ಅಟ್ಟಿದರು. ಭರಮಣ್ಣ ನಡೆದ ದಾರಿಯುದ್ದಕ್ಕೂ ನೆಲದ ಮೇಲೆ ಒದ್ದೆ ಗುರುತು ಬಿದ್ದಿತ್ತು. ಅದು ಕೆಸರಿನದು ಮಾತ್ರ ಆಗಿರಲಿಲ್ಲ. ಪಡೆಯವರೆಲ್ಲ ಕೆರೆಯಂಚಿನ ಬಂಡೆಯ ಮೇಲೆ ಕೂತರು. ಮುಷ್ಕರ ಶುರುವಾಯಿತು.

ಹಲವು ದಿನ ಏನೂ ಆಗಲಿಲ್ಲ. ಆಮೇಲೊಂದು ಮಟಮಟ ಮಧ್ಯಾಹ್ನ ಜೀರುಂಡೆಗಳ ಸದ್ದು ನಿಂತುಹೋಯಿತು. ಸ್ವಲ್ಪ ಸ್ವಲ್ಪವಾಗಿ ಅಲ್ಲ, ಯಾರೋ ಬಾಯಿ ಮುಚ್ಚಿದ ಹಾಗೆ ಎಲ್ಲವೂ ಒಮ್ಮೆಲೇ. ಸೂರ್ಯ ಹಳೆ ತಾಮ್ರದ ಬಟ್ಟಲಿನ ಬಣ್ಣಕ್ಕೆ ತಿರುಗಿದ. ಮರಗಳ ನೆರಳು ಕೆಂಪಗೆ ಕಂಡಿತು. ಗಾಳಿಯಿಲ್ಲದಿದ್ದರೂ ಬೂದಿ ಉದುರತೊಡಗಿತು, ಮೆತ್ತಗೆ, ಬೆಚ್ಚಗೆ.

"ಹೊಗೆ" ಎಂದ ಚೆಲುವಯ್ಯ ಮರದ ತುದಿಯಿಂದ. ಅವನು ತಮಾಷೆ ಮಾಡದೆ ಇಳಿದು ಬಂದದ್ದು ಅದೇ ಮೊದಲು.

ಅತ್ತ ಸುಗಂಧಯ್ಯ ದೊರೆಯ ಕಿವಿ ಕಚ್ಚುತ್ತಿದ್ದ. ದೊರೆಯೇ ಹೋಗಿ ಬೆಂಕಿ ಆರಿಸಿದರೆ ಸಂಘದ ಮಾನ ಹೋಗುತ್ತದೆ, ಆಮೇಲೆ ಅವರು ಬಾಯಿ ತೆಗೆಯೋದಿಲ್ಲ, ನಾನು ಬೆನ್ನ ಮೇಲೆ ಕೂತು ದಾರಿ ತೋರಿಸುತ್ತೇನೆ ಎಂದ. ದೊರೆಗೆ ಹೌದೆನಿಸಿತು. ಹುಲಿ ಪುನುಗನ್ನು ಹೊತ್ತು ಹೊಗೆಯೊಳಗೆ ನಡೆದ. ದಂಡೆಯ ಮೇಲೆ ಕೂರಿಸಿದ್ದ ಕಾಗೆಗಳು ಒಂದು ಸಲ ಕಾ ಅಂದವು. ಮೊದಲ ಹೊಗೆ ಮೂಗಿಗೆ ಬಡಿದದ್ದೇ ತಡ, ಅವು ಕೆರೆಯಾಚೆಗೆ ಹಾರಿಹೋದವು.

ಆಗ ಶುರುವಾಯಿತು, ಮಕ್ಕಳೇ.

ಸುಟ್ಟ ಗುಡ್ಡದ ಕಡೆಯಿಂದ ಕೂಗು. ಭಯಂಕರ ಕೂಗೇನಲ್ಲ. ಊಟ ಆರಿಹೋಗುತ್ತೆ ಬಾ ಅಂತ ಪಕ್ಕದ ಮನೆಯವರು ಕರೆಯುತ್ತಾರಲ್ಲ, ಹಾಗೆ.

"ಸುಗಂಧಯ್ಯಾ... ಇತ್ತ ಬಾರಪ್ಪ."

ದೊರೆಯ ಬೆನ್ನ ಮೇಲಿನ ಭಾರ ಹಗುರಾಯಿತು. "ಓ, ಬಂದೆ" ಎನ್ನುವ ಮಂತ್ರಿಯ ದನಿ ಒಮ್ಮೆ ಹತ್ತಿರದಲ್ಲಿ, ಒಮ್ಮೆ ದೂರದಲ್ಲಿ ಕೇಳಿತು. ಆಮೇಲೆ ಸುಟ್ಟ ವಾಸನೆಯ ನಡುವೆ ಒಂದು ಗಳಿಗೆ ಘಮ್ಮೆಂದು ಪುನುಗಿನ ಪರಿಮಳ ಬಂತು. ಅಷ್ಟೇ.

ಬಂಡೆಯ ಮೇಲೂ ಕೇಳುತ್ತಿತ್ತು. ಜವರಿಯ ಹೆಸರು ಕೇಳಿತು. ಅವಳು ನಿದ್ದೆಯಲ್ಲಿ ನಡೆಯುವವಳಂತೆ ಎದ್ದು ಒಂದು ಹೆಜ್ಜೆ ಇಟ್ಟಳು. ಗುದ್ದವ್ವ ಅವಳ ಬಾಲ ಕಚ್ಚಿ ಹಿಡಿದಳು. ಅಷ್ಟರಲ್ಲಿ ಗುದ್ದವ್ವನ ಹೆಸರೇ ಬಂತು. ಮುಳ್ಳೇಶಿಯ ದನಿ ಅದು. ಜೊತೆಗೇ ಎಲೆ ಗುಡಿಸುತ್ತಿದ್ದ ಮುಳ್ಳುಹಂದಿ ಗೆಳತಿ, ಹಿಂದೊಂದು ಬೇಸಿಗೆ ಹೊಗೆಯೊಳಗೇ ಉಳಿದುಹೋದವಳು.

"ಗುದ್ದೀ, ಯಾಕೆ ಯಾರೂ ನನ್ನ ಕರೀತಿಲ್ಲ?"

ಗುದ್ದವ್ವನ ರೋಮವೆಲ್ಲ ನಿಂತಿತು. ಆದರೆ ಆ ದನಿಯಲ್ಲಿ ಸಿಟ್ಟಿರಲಿಲ್ಲ. ಜಾತ್ರೆಯಲ್ಲಿ ಕೈ ತಪ್ಪಿದ ಕೂಸಿನ ದನಿ ಇದ್ದ ಹಾಗಿತ್ತು. ಅವಳಿಗೆ ಆಗ ಅರ್ಥವಾಯಿತು. ಬೆಂಕಿ ಬಿದ್ದಾಗಲೆಲ್ಲ ದಂಡೆಯಿಂದ ಯಾರೋ ವಾಪಸು ಬಾರದವರ ಹೆಸರು ಹೇಳುತ್ತಿದ್ದರು, ಅವರು ಸಮಾಧಾನದಿಂದ ಇರುತ್ತಿದ್ದರು. ಇವತ್ತು ಯಾರೂ ಹೇಳಲಿಲ್ಲ. ಅದಕ್ಕೇ ಅವರೇ ನಮ್ಮನ್ನು ಹುಡುಕುತ್ತಿದ್ದಾರೆ.

ಹೊಗೆ ಬಿದಿರು ಮೆಳೆಯ ಕಡೆ ಹೊರಳುತ್ತಿತ್ತು. ಜಿಂಕೆ ಮರಿಗಳು ಅರಚುವುದು ಕೇಳುತ್ತಿತ್ತು. ಮುಷ್ಕರ ಮುರಿದು ಓಡಿದರೆ ಪಡೆ ವಾಪಸು ಬರುವುದಿಲ್ಲ. ಕೂತೇ ಇದ್ದರೆ ಮರಿಗಳು ಉಳಿಯುವುದಿಲ್ಲ. ಎರಡೂ ಕಡೆ ನೋಡಿ ಗುದ್ದವ್ವ ಮೂರನೆಯ ಕಡೆ ಓಡಿದಳು. ಮುಳ್ಳುದಿಣ್ಣೆಯ ಕಡೆ.

ಭರಮಣ್ಣ ನಿಂತಲ್ಲೇ ತೂಗಾಡುತ್ತಿದ್ದ. ಪಾದ ಊರಲಾಗುತ್ತಿರಲಿಲ್ಲ. ಹಂದಿಗಳೆಲ್ಲ ಕೆರೆಗೆ ಬಿದ್ದು, ಕೆಸರಲ್ಲಿ ಹೊರಳಿ, ಓಡಿ ಬಂದು ಅವನ ಮುಂದಿನ ನೆಲದಲ್ಲಿ ಉರುಳಿದವು. ಮತ್ತೆ ಕೆರೆಗೆ, ಮತ್ತೆ ನೆಲಕ್ಕೆ. ದಿಣ್ಣೆಯಿಂದ ದಂಡೆಯವರೆಗೆ ಒಂದು ಕೆಸರಿನ ದಾರಿ ಆಯಿತು. ಜವರಿ ಹಿಂದಿನಿಂದ ಹಣೆ ಕೊಟ್ಟು ತಳ್ಳಿದಳು. ಉಳಿದ ಮುದುಕರೂ ಅದೇ ದಾರಿ ಹಿಡಿದರು. ಇಷ್ಟರಲ್ಲೂ ಚೆಲುವಯ್ಯ ಸುಮ್ಮನಿರದೆ, ದೊರೆಯ ಮದುವೆಗೂ ಇಂಥ ನೆಲಹಾಸು ಹಾಸಿರಲಿಲ್ಲ ಎಂದ.

ಭರಮಣ್ಣ ದಂಡೆಗೆ ಬಂದು ಉಸಿರೆಳೆದುಕೊಂಡ. ಮೊದಲು ಮುಳ್ಳೇಶಿಯ ಹೆಸರು ಕೂಗಿದ. ಆಮೇಲೆ ವಾಪಸು ಬಾರದವರೆಲ್ಲರ ಹೆಸರು, ಒಂದೊಂದಾಗಿ, ಅವಸರ ಮಾಡದೆ. ಪ್ರತಿ ಹೆಸರಿಗೂ ಗುಡ್ಡದ ಕಡೆಯ ಒಂದು ದನಿ 'ಓ' ಎಂದು ತಣ್ಣಗಾಯಿತು. ಕೊನೆಗೆ ಅಲ್ಲಿ ಯಾರ ಕೂಗೂ ಉಳಿಯಲಿಲ್ಲ. ಬೆಂಕಿಯ ಚಟಪಟ ಒಂದೇ.

ಗುದ್ದವ್ವ ಪಡೆಯ ಕಡೆ ತಿರುಗಿದಳು. "ಮುದುಕರು ದಂಡೆಗೆ ಬಂದರು. ಅವರು ಬಂದ ಗಳಿಗೆಯಲ್ಲೇ ಏಳುತ್ತೇವೆ ಅಂದಿದ್ದೆವು. ಏಳಿ."

ಹಂದಿಗಳು ಎಲೆ ಗುಡಿಸಿದವು, ಆನೆಗಳು ಉರಿ ಬಡಿದವು, ಮುಸುವಗಳು ಮರಿಗಳನ್ನು ಎದೆಗವಚಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರಿದವು. ಭರಮಣ್ಣ ಹೆಸರು ಕೂಗುತ್ತ ಹೋದ, ಒಬ್ಬೊಬ್ಬರೇ ಬರುತ್ತ ಹೋದರು. ಬಿಸಿಲು ಇಳಿಯುವ ಹೊತ್ತಿಗೆ ಬೆಂಕಿ ಆರಿತ್ತು. ಎಲ್ಲರೂ ಬಂದ ಮೇಲೆ ಕೊನೆಯಲ್ಲಿ ಹುಲಿದೊರೆ ಬಂದ. ನಾಲ್ಕೂ ಪಂಜ ಬೆಂದಿದ್ದವು. ಅವನು ಇನ್ನೆಂದಾದರೂ ಬೇಟೆಗೆ ಓಡುತ್ತಾನೋ ಅಂತ ಯಾರೂ ಕೇಳಬೇಕಾಗಿರಲಿಲ್ಲ.

ಮಂತ್ರಿ ಎಲ್ಲಿ ಅಂತ ಒಬ್ಬರು ಕೇಳಿದರು. ದೊರೆ ಹಿಂತಿರುಗಿ ಗುಡ್ಡ ನೋಡಲಿಲ್ಲ.

ಮತ್ತೇನನ್ನೂ ಕೇಳುವ ಮೊದಲೇ ಅವನು ಎಲ್ಲರೆದುರು ಹೇಳಿದ, ಪೊಟರೆಯ ಕಟ್ಟಳೆ ರದ್ದು, ತುತ್ತು ಮೊದಲಿನಂತೆ, ದಂಡೆ ಮುದುಕರದ್ದೇ. ಚೆಲುವಯ್ಯ, ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲ ಎಂದ. ದೊರೆ ಇನ್ನೊಮ್ಮೆ ಹೇಳಿದ. ಆಮೇಲೆ ತಲೆ ತಗ್ಗಿಸಿ ಗುದ್ದವ್ವನನ್ನು ಕೇಳಿದ.

"ಆ ಕೆಸರಲ್ಲಿ ನನಗೂ ಒಂದಿಷ್ಟು ಜಾಗ ಸಿಗುತ್ತದೆಯೇ?"

ಬೇಡ ಅನ್ನಬೇಕು ಅಂತ ಎಲ್ಲರ ಮುಖದಲ್ಲೂ ಇತ್ತು. ಗುದ್ದವ್ವನ ಮುಖದಲ್ಲೂ ಇತ್ತು. ಅವಳು ಬೆಂದ ಪಂಜಗಳನ್ನೇ ನೋಡಿದಳು. ಬೆಂದ ಪಾದ ಹೇಗಿರುತ್ತದೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಭರಮಣ್ಣ" ಎಂದಳು, "ಸ್ವಲ್ಪ ಆಚೆ ಸರಿ."

ಹುಲಿ ಆನೆಯ ಪಕ್ಕ ಮಲಗಿದ. ಜಿಂಕೆಗಳು ತಂದ ಹುಲ್ಲು ದೊರೆಯ ಬಾಯಿಗೆ ಸೇರದು, ದೊರೆ ಇಷ್ಟಪಡುವುದನ್ನು ತರಲು ಜಿಂಕೆಗಳಿಗೆ ಮನಸ್ಸಿಲ್ಲ. ಕೊನೆಗೆ ಮೀನು ಹಿಡಿದು ಕೊಡುವ ಸರದಿ ನೀರುನಾಯಿಗೆ ಬಿತ್ತು. ಅದು ಗೊಣಗಿಕೊಂಡೇ ಒಂದು ಮೀನು ತಂದು ಹುಲಿಯ ಮುಂದೆ ಎಸೆಯಿತು. ಹುಲಿ ಬಾಯಿ ಹಾಕಲಿಲ್ಲ. ಪಕ್ಕದ ಮುದಿ ಆನೆ ತನ್ನ ಪಾಲಿನ ಹುಲ್ಲಲ್ಲಿ ಮೊದಲ ತುತ್ತು ಎತ್ತಿಕೊಳ್ಳುವವರೆಗೆ ಕಾದ.

ನೀತಿ: ದುಡಿದು ದಣಿದು ಕೂತವರನ್ನು ದಂಡಪಿಂಡ ಅನ್ನಬೇಡಿ, ಅವರನ್ನು ಎಬ್ಬಿಸಿ ಕಳಿಸಿದ ದಿನ ನಿಮ್ಮನ್ನು ಮನೆಗೆ ಕರೆಯುವವರು ಯಾರೂ ಇರುವುದಿಲ್ಲ.