ಲಿಂಗುವಿನ ಒಂದು ಮಾತಿಗೆ ಕಾದ ಮರಿಸಿದ್ದ

ಮೂರು ದಿನ ಬಿಸಿಲಲ್ಲಿ ನಿಂತು ಒಬ್ಬನ ಒಂದೇ ಒಂದು ಮಾತಿಗೆ ಹಂಬಲಿಸಿದವನ ಮನೆ ಬಾಗಿಲಿಗೆ, ಆ ಮನುಷ್ಯನೇ ನಡೆದು ಬಂದು ಹೆಸರು ಹಿಡಿದು ಕರೆದರೆ ಅವನು ಏನು ಮಾಡಿದ, ಹೇಳಿ ನೋಡೋಣ? ಓಡಿ ಹೋಗಿ ತಬ್ಬಿಕೊಂಡ? ಊಹೂಂ. ಗಳಗಳ ಅತ್ತು ಕಷ್ಟ ಹೇಳಿಕೊಂಡ? ಅದೂ ಅಲ್ಲ. ಒಳಗೆ ಕರೆದು ಮಜ್ಜಿಗೆ ಕೊಟ್ಟ? ನೀವು ಬುದ್ಧಿವಂತರು, ಅದಕ್ಕೇ ತಪ್ಪುತ್ತಿದ್ದೀರಿ. ಮೊದಲಿಂದ ಕೇಳಿ.

ಹಲಸಿನಕೊಪ್ಪಲಿನ ಪುಟ್ಟತಾಯಮ್ಮನಿಗೆ ಒಬ್ಬನೇ ಮಗ, ಮರಿಸಿದ್ದ. ಮೂವತ್ತಾದರೂ ಬುದ್ಧಿ ಮೊಳೆತಿರಲಿಲ್ಲ. ಹೇಳಿದ್ದನ್ನು ಮಾಡದವನಲ್ಲ, ಹೇಳಿದ್ದು ಬಿಟ್ಟು ಬೇರೇನೂ ಮಾಡದವನು. ಅದೇ ಆ ತಾಯಿಯ ಗೋಳು.

ಅವರ ಹಿತ್ತಿಲಲ್ಲೇ ಲಿಂಗು ಎನ್ನುವ ಹುಡುಗ ಕಬಡ್ಡಿ ಕಲಿತದ್ದು. ಊರಲ್ಲಿ ಯಾರ ಕೈಗೂ ಸಿಗದ ಲಿಂಗು ಸಿದ್ದನ ಕೈಗೆ ಮಾತ್ರ ಸಿಗುತ್ತಿದ್ದ. ಯಾರೋ ಒಮ್ಮೆ, ‘ಕಾಲಿನ ಗಿಣ್ಣು ಹಿಡಿ, ಬಿಡಬೇಡ’ ಅಂದಿದ್ದರಲ್ಲ! ಸಿದ್ದ ಹಿಡಿಯುತ್ತಿದ್ದ, ಬಿಡುತ್ತಿರಲಿಲ್ಲ. ಆಟ ಮುಗಿದು ದೀಪ ಹಚ್ಚುವ ಹೊತ್ತಾದರೂ ಬಿಡುತ್ತಿರಲಿಲ್ಲ. ಹಿತ್ತಿಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಪಾಯಿಂಟು ಬರೆಯುವವನೂ ಅವನೇ. ಅಕ್ಷರ ಹತ್ತಲಿಲ್ಲ, ಅಂಕಿ ಮಾತ್ರ ಮುತ್ತು ಪೋಣಿಸಿದಂತೆ.

ಆ ಲಿಂಗು ಈಗ ಟೀವಿಯಲ್ಲಿ ಬರುವ ತಂಡದ ರೇಡರ್. ಹತ್ತು ವರ್ಷ ಊರಿನತ್ತ ತಲೆ ಹಾಕಿರಲಿಲ್ಲ. ಅವನ ತಂಡ ತಾಲ್ಲೂಕಿನ ಒಳಾಂಗಣ ಕ್ರೀಡಾಂಗಣಕ್ಕೆ ಮೂರು ದಿನದ ಅಭ್ಯಾಸಕ್ಕೆ ಬಂತು ನೋಡಿ, ಸಿದ್ದನಿಗೆ ಅನ್ನ ಸೇರಲಿಲ್ಲ.

“ಅವನು ‘ಏನ್ಲಾ ಸಿದ್ದ’ ಅನ್ಬೇಕು ಕಣವ್ವ. ಅಷ್ಟೇ. ಬೀದಿಯೋರೆಲ್ಲ, ಅವನಿಗೆ ನಿನ್ನ ಗುರುತೇ ಇಲ್ಲ ಅಂತಾರೆ.”

“ಹೋಗಿ ಬಾ ಮಗ” ಅಂದಳು ತಾಯಿ.

ಗುರುವಾರ ಹೋದ. ತಂಡದ ಬಸ್ಸು ಬಂತು. ಲಿಂಗು ಇಳಿದ. ಕಣ್ಣಿಗೆ ಕಪ್ಪು ಕನ್ನಡಕ, ಕಿವಿಗೆ ಹಾಡಿನ ಬಿರಡೆ. ಸಿದ್ದ “ಲಿಂಗೂ!” ಅಂತ ಹನ್ನೊಂದು ಸಲ ಕೂಗಿದ. ಗೋಡೆಯಾದರೂ ತಿರುಗಿ ಕೂಗೀತು, ಲಿಂಗು ತಿರುಗಲಿಲ್ಲ.

“ಅಯ್ಯೋ ಮಂಕೇ!” ಅಂದಳು ತಾಯಿ. “ಬರಿಗೈಲಿ ಹೋದೋನ ಯಾರ್ಲಾ ನೋಡ್ತಾರೆ? ಎರಡು ಕೈಲೂ ಅಚ್ಚುಬೆಲ್ಲ ಹಿಡ್ಕೊಂಡು ಹೋಗು. ಜೋಪಾನ! ದಾರೀಲಿ ಯಾರು ಕೈ ಚಾಚಿದ್ರೂ ಕೈ ಸಡಿಲ ಬಿಡಬೇಡ.”

“ಆಗ್ಲಿ ಕಣವ್ವ.”

ಶುಕ್ರವಾರ ಹೋದ. ಬಲಗೈಲೊಂದು ಅಚ್ಚು, ಎಡಗೈಲೊಂದು ಅಚ್ಚು. ಅವತ್ತು ಟೀವಿಯವರು ಬಂದಿದ್ದರು. ಹಾಗಾಗಿ ಲಿಂಗು ಸಾಲಾಗಿ ನಿಂತವರ ಕೈ ಕುಲುಕುತ್ತ ಬಂದ, ಮುಖ ಮಾತ್ರ ಯಾರದೂ ನೋಡಲಿಲ್ಲ. ಸಿದ್ದನ ಎದುರಿಗೂ ಬಂದ. ಕೈ ಚಾಚಿದ! ಸಿದ್ದ ಬೆಲ್ಲವನ್ನು ಇನ್ನೂ ಬಿಗಿಯಾಗಿ ಹಿಡಿದ. ಚಾಚಿದ ಕೈ ಒಂದು ಗಳಿಗೆ ಗಾಳಿಯಲ್ಲಿ ನಿಂತು ಪಕ್ಕದವನ ಕಡೆ ಹೋಯಿತು. ಬಿಸಿಲಿಗೆ ಬೆಲ್ಲ ಕರಗಿ ಮೊಣಕೈವರೆಗೂ ಇಳಿದಿತ್ತು.

“ಒಂದು ಚೂರೂ ಯಾರಿಗೂ ಕೊಡ್ಲಿಲ್ಲ ಕಣವ್ವ!”

“ಹಾಳಾಗೋಯ್ತು! ಅವನು ಬಂದ ತಕ್ಷಣ ಕೈಲಿರೋದ ಬಿಸಾಕಿ ಕಾಲು ಹಿಡ್ಕೋಬೇಕಿತ್ತು ಕಣ್ಲಾ! ದೊಡ್ಡೋರ ಕಾಲು ಹಿಡಿದೋನು ಕೆಟ್ಟಿಲ್ಲ!”

“ಆಗ್ಲಿ ಕಣವ್ವ.”

ಶನಿವಾರ ಮತ್ತೆರಡು ಅಚ್ಚು ಹಿಡಿದು ಹೋದ. ಲಿಂಗು ಅಭ್ಯಾಸ ಮುಗಿಸಿ ಬಂದ. ಸಿದ್ದ ಬೆಲ್ಲ ಬಿಸಾಕಿದ, ಕಾವಲಿನವನ ಟೋಪಿ ಹಾರಿತು. ನೆಲಕ್ಕೆ ಬಿದ್ದು ಕಾಲು ಹಿಡಿದ. ಹೇಗೆ? ತನಗೆ ಗೊತ್ತಿದ್ದ ಹಾಗೆ! ಎರಡೂ ಕೈಲಿ ಗಿಣ್ಣಿಗೆ ಬೀಗ. ಲಿಂಗುವಿನ ಬಾಯಲ್ಲಿ ತಂತಾನೇ “ಕಬಡ್ಡಿ ಕಬಡ್ಡಿ” ಬಂದುಬಿಟ್ಟಿತು. ಜಗ್ಗಿದ, ಎಳೆದ, ಸಿದ್ದನನ್ನೂ ಎಳೆದುಕೊಂಡೇ ಬಸ್ಸಿನ ಮೆಟ್ಟಿಲು ಮುಟ್ಟಿದ. ನಾಲ್ಕು ಜನ ಸೇರಿ ಬಿಡಿಸಿದರು. ಲಿಂಗು ಕನ್ನಡಕ ತೆಗೆದು ಒಮ್ಮೆ ಕೆಳಗೆ ನೋಡಿದ. ಬಸ್ಸು ಹತ್ತಿದ.

ತರಚಿದ ಮೊಣಕೈಗೆ ಅರಿಶಿನ ಒತ್ತುತ್ತ ಪುಟ್ಟತಾಯಮ್ಮ ಅತ್ತಳು. “ಸಾಕು ಕಣಪ್ಪ. ದೊಡ್ಡ ಮನುಷ್ಯರ ಮುಂದೆ ದೂರ ನಿಂತ್ಕೋಬೇಕು. ಕೈ ಮುಗೀಬೇಕು. ಬಾಯಿ ಮುಚ್ಕೊಂಡಿರ್ಬೇಕು. ಅವರಾಗೆ ‘ಬಾ’ ಅಂದ್ರೆ ಮಾತ್ರ ಹತ್ರ ಹೋಗ್ಬೇಕು, ಬಾಯಿ ಬಿಡ್ಬೇಕು. ತಿಳೀತಾ?”

“ತಿಳೀತು ಕಣವ್ವ.”

ಭಾನುವಾರ ತಾಯಿ ರಾಗಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಬೀದಿಯ ತುದಿಯಲ್ಲಿ ಒಂದು ಕಾರು ನಿಂತಿತು. ಕನ್ನಡಕವಿಲ್ಲ, ಬಿರಡೆಯಿಲ್ಲ, ಲಿಂಗು ಒಬ್ಬನೇ ಇಳಿದು ಬಂದ. ಬಾಗಿಲಲ್ಲಿದ್ದ ಸಿದ್ದ ಅವನನ್ನು ಕಂಡ. ಹಿಂದೆ ಹಿಂದೆ ಸರಿದು, ನಡುಮನೆ ದಾಟಿ ಹಿತ್ತಿಲ ಗೋಡೆಗೆ ಬೆನ್ನು ತಾಗುವವರೆಗೂ ಸರಿದು, ಕೈ ಮುಗಿದು, ತುಟಿ ಬಿಗಿದು ನಿಂತ.

“ಏನ್ಲಾ ಸಿದ್ದ!” ಅಂದ ಲಿಂಗು.

ಸಿದ್ದನ ಕಣ್ಣು ತುಂಬಿತು. ತುಟಿ ಬಿಚ್ಚಲಿಲ್ಲ.

“ನೆನ್ನೆ ಕಾಲು ಹಿಡಿದಾಗ್ಲೇ ಗೊತ್ತಾಯ್ತು ಕಣ್ಲಾ. ಆ ಹಿಡಿತ ನಿಂದು ಬಿಟ್ರೆ ಇನ್ಯಾರ್ದೂ ಅಲ್ಲ. ಸಿಟ್ಟಾ? ಏನ್ ಮಾಡ್ಲಿ, ತಂಡದೋರು ನಿಲ್ಲಬೇಡ ಅಂತಾರೆ, ನಿಲ್ಲಲ್ಲ. ನೋಡಬೇಡ ಅಂತಾರೆ, ನೋಡಲ್ಲ. ಹೇಳ್ದಷ್ಟೇ ಮಾಡೋ ಕೆಲಸ ನಂದು.”

ಸಿದ್ದ ಮುಗಿದ ಕೈ ಇಳಿಸಲಿಲ್ಲ.

“ಅವ್ವ ಇಲ್ವಾ? ಒಳಕ್ಕೆ ಬರ್ಲಾ?”

ಬರ್ಲಾ ಅಂದ. ಬಾ ಅನ್ನಲಿಲ್ಲ. ಸಿದ್ದ ಕಾದ. ಹೊಸ್ತಿಲ ಆಚೆ ಲಿಂಗುವೂ ಕಾದ. ಬೀದಿಯ ತುದಿಯಲ್ಲಿ ಕಾರಿನ ಹಾರನ್ನು ಎರಡು ಸಲ ಕೂಗಿತು.

“ಎಲಾ ಇವನ! ನಿಂಗೂ ಇಷ್ಟು ಜಂಬವೇನ್ಲಾ?” ಲಿಂಗುವಿನ ದನಿ ಸಣ್ಣಗಾಯಿತು. ತಿರುಗಿ ಹೋದ.

ಹಿಟ್ಟಿನ ಡಬ್ಬ ಹೊತ್ತು ಬಂದ ಪುಟ್ಟತಾಯಮ್ಮನಿಗೆ ಕಾರಿನ ಧೂಳು ಸಿಕ್ಕಿತು.

“ಯಾರ್ಲಾ ಬಂದಿದ್ದು?”

“ಲಿಂಗು ಕಣವ್ವ. ‘ಏನ್ಲಾ ಸಿದ್ದ’ ಅಂದ.”

“ಅಂದ್ನಾ! ನೀನೇನಂದೆ?”

“ನಾನ್ಯಾಕೆ ಅನ್ಲಿ? ಅವನು ‘ಬಾ’ ಅನ್ಲೇ ಇಲ್ಲ.”

ಡಬ್ಬ ಜಾರಿ ಅಂಗಳವೆಲ್ಲ ಹಿಟ್ಟಾಯಿತು. “ಅಯ್ಯೋ ನನ್ನ ಹಣೆಬರಹವೇ! ಅವನ ಮನೇಲಿ ಅವನು ಬಾ ಅಂತಾನೆ, ನಿನ್ನ ಮನೇಲಿ ನೀನು ಅನ್ಬೇಕು ಕಣೋ! ಇನ್ನು ಅವನು ಬಂದ ಹಾಗೇ! ಈ ದಿನಾನ ಗೋಡೆ ಮೇಲೆ ಬರೆದಿಟ್ಕೋ ಹೋಗು!”

“ಆಗ್ಲಿ ಕಣವ್ವ” ಅಂದ ಸಿದ್ದ.

ಒಳಗೆ ಹೋಗಿ ಕ್ಯಾಲೆಂಡರ್ ನೋಡಿದ. ಒಲೆಯಿಂದ ಇದ್ದಿಲು ತಂದ. ಹಳೆಯ ಪಾಯಿಂಟುಗಳ ಕೆಳಗೆ, ಒಂದೊಂದೇ ಅಂಕಿಯನ್ನು ದುಂಡಗೆ ತಿದ್ದಿ, ಹಿಂದೆ ಸರಿದು ನಿಂತು ನೋಡಿ ನಕ್ಕ. ಹೊಡೆಯಲು ಎತ್ತಿದ ಕೈಯನ್ನು ತಾಯಿ ಹಾಗೇ ಇಳಿಸಿದಳು. ಆ ಗೋಡೆಗೆ ಅವಳು ಮತ್ತೆ ಸುಣ್ಣ ಬಳಿಸಲಿಲ್ಲ. ಆ ದಿನ ಈಗಲೂ ಅಲ್ಲಿದೆ: ಎರಡು ಸಾವಿರದ ಹದಿನೇಳನೆಯ ಇಸವಿ, ಆಗಸ್ಟ್ ಆರು, ಭಾನುವಾರ.